ಬಾಣಸಗಿತ್ತಿ ಕಲ್ಕುಟಿಗನಿಗೆ ಹೇಳಿದ್ದು

ಸ್ವಲ್ಪ ತಡೆ ಸಿಂಗೋಜ, ಉಳಿ ಕೆಳಗಿಡು.
ಈ ತೊಡೆ ಎರೆಗನದಲ್ಲ.
ಬಾಳೆದಿಂಡಿನ ಹಾಗೆ ಉರುಟಾಗಿ ಕಡೆದಿದ್ದೀಯ,
ತುಪ್ಪದನ್ನ ಉಂಡು ಬಾಗಿಲಲ್ಲಿ ನಿಲ್ಲುವವರ ತೊಡೆ ಇದು.
ಅವನದು ಹುಣಸೆಬೇರು,
ಗಂಟು, ನರ, ಒಂದು ಹಳೆಯ ಕಪ್ಪು ಕಲೆ.
ಬನವಾಸಿಯಿಂದ ಘಟ್ಟ ಇಳಿದು ಅಘನಾಶಿನಿಯ ಅಳಿವೆಗೆ
ಮೂರು ಹಗಲಲ್ಲಿ ಬಂದ ಕಾಲು.

ಹದಿನೇಳು ಮಳೆಗಾಲ ಆ ಪಡೆಯ ಒಲೆ ಊದಿದವಳು ನಾನು.
ನೀನು ಕಲ್ಲಿನಿಂದ ತೆಗೆದು ತೆಗೆದು ಆಳು ಮಾಡುತ್ತೀ,
ನಾನು ಹಾಕಿ ಹಾಕಿ ಮಾಡಿದವಳು.
ಏನು ಹಾಕಿದೆ ಅಂತ ಕೇಳು.

ಬೆಳಿಗ್ಗೆ ಹುರುಳಿ, ರಾತ್ರಿಯೇ ನೆನೆದು ಮೂತಿ ಬಿಟ್ಟದ್ದು.
ಕುದುರೆಗೆ ಬಳ್ಳ, ಆಳಿಗೆ ಸೊಲಗೆ,
ಕುದುರೆ ಮುಖ ತಿರುಗಿಸಿದ ದಿನ ಆಳಿಗೆ ಹಬ್ಬ.
ಬಿಸಿಲೇರಿದ ಮೇಲೆ ಗಜನಿಯ ಕಗ್ಗದ ಗಂಜಿ,
ಕೆಂಪಗೆ, ತೌಡು ತೆಗೆಯದ್ದು.
ಮೊಣಕಾಲುದ್ದ ಉಪ್ಪುನೀರಲ್ಲಿ ನಿಂತು ಕಾಳು ಕಟ್ಟುವ ಭತ್ತ,
ಅದನ್ನುಂಡವನೂ ನಿಂತೇ ಇರುತ್ತಾನೆ ಅಂತ ನಾಯಕನ ಮಾತು.
(ನಾಯಕ ನಿಲ್ಲಲಿಲ್ಲ, ಅದು ಬೇರೆ ಕತೆ.)
ನಂಚಿಕೊಳ್ಳಲು ಕೆಂಡದ ಮೇಲೆ ಹಾಯಿಸಿದ ಒಣಮೀನು,
ಅಮಾಸೆಯ ಇಳಿತಕ್ಕೆ ಬೆಳಚು,
ನಾವು ಹೆಂಗಸರು ಕೆಸರಲ್ಲಿ ಕಾಲ್ಬೆರಳಿಂದ ತಡವಿ ಎತ್ತಿದ್ದು.
ಸಂಜೆ ಮುರುಗಲ ಸಿಪ್ಪೆ ಕಿವುಚಿದ ನೀರು, ಚಿಟಿಕೆ ಮೆಣಸು.
ಮಾಂಸವೇ? ನಗಬೇಡ.
ಗೆದ್ದ ದಿನ ಬೇಯುತ್ತಿತ್ತು.
ಗೆದ್ದ ದಿನ ಎಷ್ಟೆಂದು ನಿನ್ನ ಕಲ್ಲುಗಳನ್ನೇ ಎಣಿಸು.

ಸಾಮು ಅಂದರೆ ಕತ್ತಿ ತಿರುಗಿಸುವುದು ಅಂದುಕೊಂಡೆಯಾ?
ಉಪ್ಪಿನಾಗರದ ಮೂಟೆ ಹೆಗಲಿಗೇರಿಸಿ
ದಂಡೆಯ ಉದ್ದಕ್ಕೂ ಓಟ.
ನೀರಿನಂಚಿನ ಗಟ್ಟಿ ಮಳಲಲ್ಲಲ್ಲ,
ಅಡುಂಬು ಹಬ್ಬಿದ ಸಡಿಲ ಮಳಲಲ್ಲಿ,
ಹೆಜ್ಜೆ ಹೆಜ್ಜೆಗೂ ನೆಲ ಕಾಲೆಳೆಯುವಲ್ಲಿ.
ಬೆವರಿಗೆ ಉಪ್ಪು ಕರಗಿ ಬೆನ್ನೆಲ್ಲ ಉರಿ.
ಎರೆಗನ ಎಡಹೆಗಲು ಅದಕ್ಕೇ ಎರಡು ಬೆರಳು ಕೆಳಗೆ.
ನೀನು ತಕ್ಕಡಿ ಹಿಡಿದ ಹಾಗೆ ಸಮ ಮಾಡಿದ್ದೀಯ. ತಿದ್ದು.
ತುಟಿ ಮುಚ್ಚಿದ್ದು ಒಳ್ಳೆಯದೇ ಆಯಿತು,
ಹುರಿಗಾಳು ಕಡಿದು ಮುಂದಿನ ಹಲ್ಲೊಂದು ಹೋಗಿತ್ತು,
ನಕ್ಕರೆ ಚಿಕ್ಕ ಹುಡುಗ.

ತುರುಗೋಳಿನ ರಾತ್ರಿಯದು...
ಹೋಗಲಿ, ಹೇಳಿಬಿಡುತ್ತೇನೆ.
ಸುತ್ತಿಗೆ ಎತ್ತಿಕೋ, ಬಡಿಯುತ್ತಿರು,
ಆಚೆಯವರಿಗೆ ಕೇಳದಿರಲಿ.
ಪಡೆಯಲ್ಲೊಂದು ಕಟ್ಟಳೆ:
ಕಾದಾಟಕ್ಕೆ ಹೊರಟವನಿಗೆ ಉಣಬಡಿಸಬಾರದು.
ಖಾಲಿ ಹೊಟ್ಟೆಗೆ ಬಿದ್ದ ಈಟಿ ಬರೀ ಗಾಯ,
ತುಂಬಿದ ಹೊಟ್ಟೆಗೆ ಬಿದ್ದದ್ದು ಒಳಗೇ ಕೊಳೆತು ಕೊಲ್ಲುತ್ತದೆ
ಎನ್ನುವರು ಮದ್ದಿನವರು.
ಎಲ್ಲರೂ ಹೊಳೆ ದಾಟುವಾಗ ಅವನು ಒಲೆಯ ಬಳಿ ಸುಳಿದ.
ಏನೂ ಕೇಳಲಿಲ್ಲ.
ಕೇಳಿದ್ದರೆ ಇಲ್ಲ ಅನ್ನಬಹುದಿತ್ತು.
ಒಂದು ಹಿಡಿ ಅವಲಕ್ಕಿ, ಬೆಲ್ಲ, ಕಾಯಿತುರಿ.
ನಿಂತೇ ತಿಂದ, ಅಂಗೈ ನೆಕ್ಕಿದ,
ಓಡಿದ.

ಐದು ದಿನ ಬದುಕಿದ್ದ.
ವಾಸನೆಗೆ ಕೊಟ್ಟಿಗೆಯ ದನಗಳೂ ಹಗ್ಗ ಜಗ್ಗುತ್ತಿದ್ದವು,
ಅವನೇ ಬಿಡಿಸಿ ತಂದ ದನಗಳು.

ಮೇಲಿನ ಹಂತ ನಿಮ್ಮವರ ಕಟ್ಟಳೆ, ನಾನು ಬಾಯಿ ಹಾಕೆ.
ಅಪ್ಸರೆಯರು ಒಯ್ಯಲಿ, ಚಾಮರ ಬೀಸಲಿ,
ಹೆಗಲು ಬೇಕಾದರೆ ಸಮವೇ ಇರಲಿ, ತೊಡೆಯೂ ಹಾಗೇ ಇರಲಿ.
ಕೆಳಗೆ ಮಾತ್ರ ಒಂದು ಕೆಲಸ ಮಾಡಿಕೊಡು:
ಹೊಟ್ಟೆಯನ್ನು ಇನ್ನೊಂದು ಎಳೆ ಒಳಗೆ ಕೆತ್ತು.
ಪಕ್ಕೆಲುಬು ಎರಡು ಕಾಣಲಿ.
ಏನೂ ತಿನ್ನದೆ ಹೋದವನು ಅಂತ
ನೋಡಿದವರು ಅಂದುಕೊಳ್ಳಲಿ.